ಬೋರಲು ಹಾಕಿದ ಗಂಗಳ

ನನ್ನ ಸಿಟ್ಟಿನ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯವಿಲ್ಲ. ನಮ್ಮ ಯಜಮಾನರು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಲೇ ತಲೆ ನರೆಸಿಕೊಂಡವರು. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಹಾಗೆ ಬಿಟ್ಟ ಕಾಯಿಗೆ ನಮ್ಮ ಕಡೆ ಗಿಟಕು ಅನ್ನುತ್ತೇವೆ. ಅದೇ ಲೆಕ್ಕದಲ್ಲಿ ಅವರು ನನ್ನನ್ನೂ ಅಳೆದಿದ್ದಾರೆ. "ನೀನು ಈ ಜನ್ಮದಲ್ಲಿ ಗಿಟಕಾಗಲ್ಲ ಕಣೇ. ರಿಟೈರಾಗಿ ಇಷ್ಟು ವರ್ಷ ಆಯ್ತು, ಇನ್ನೂ ಒಳಗೆ ನೀರು ತುಳುಕ್ತಾನೇ ಐತೆ" ಅನ್ನುತ್ತಾರೆ. ಅದಕ್ಕೂ ನನಗೆ ಸಿಟ್ಟು ಬರುತ್ತದೆ.

ಮೊನ್ನೆ ಅವರ ಜೊತೆ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಊಟಕ್ಕೆ ಹೋಗಿದ್ದೆ. ತಟ್ಟೆ ತಂದಿಟ್ಟರು. ನಾನು ಅದನ್ನು ಬೋರಲು ಹಾಕಿ, ಕೈ ಕಟ್ಟಿಕೊಂಡು ಕೂತೆ. ಸಪ್ಲೈಯರು ಬಂದು ನೋಡಿದ, ಹೋದ. ಮತ್ತೆ ಬಂದು ನೋಡಿದ, ಮತ್ತೆ ಹೋದ. ಅಕ್ಕಪಕ್ಕದ ಟೇಬಲ್‌ಗೆಲ್ಲ ಅನ್ನ ಬಂತು, ನಮಗೆ ಬರಲಿಲ್ಲ. ನಾನು ಕೂಗಾಡಿದೆ. ಸುಮಾರು ವಯಸ್ಸಿನ ಆ ಮನುಷ್ಯ ಪಾಪ, ತಲೆ ಬಗ್ಗಿಸಿ, "ತಟ್ಟೆ ಬೋರಲಾಕಿದ್ರಲ್ಲಮ್ಮ, ಊಟ ಬೇಡಾಂತ ಸಿಟ್ಟು ಮಾಡ್ಕಂಡಿದ್ದೀರೇನೋ ಅಂದ್ಕಂಡೆ" ಅಂದ. ಯಜಮಾನರು ನಗು ತಡೆಯಲಾರದೆ ಗೋಡೆ ಕಡೆ ತಿರುಗಿದರು. ತಪ್ಪು ನನ್ನದೇ. ಆದರೆ ಆ ಅಭ್ಯಾಸ ನನಗೆ ಎಲ್ಲಿಂದ ಅಂಟಿತು ಅನ್ನುವುದನ್ನು ಅವನಿಗೆ ಹೇಳುವ ಹಾಗಿರಲಿಲ್ಲ, ಅವನ ಕೈಯಲ್ಲಿ ಸಾರಿನ ಬಕೆಟ್ಟು ಇತ್ತು. ನಿಮಗಾದರೂ ಹೇಳುತ್ತೇನೆ.

ನನ್ನ ತವರು ಕಂದಿಕೆರೆ ಕಡೆಯ ಒಂದು ಸಣ್ಣ ಊರು. ಊರ ಹಿಂದೆ ಮಲ್ಲೇಗುಡ್ಡ ಅಂತ ಒಂದು ಗುಡ್ಡ ಇತ್ತು. ಇತ್ತು ಅನ್ನುವಾಗ ಈಗಲೂ ಹಲ್ಲು ಕಡಿಯುವ ಹಾಗಾಗುತ್ತದೆ. ನೀವು ಅಜ್ಜ ಇದ್ದರು, ಎತ್ತು ಇತ್ತು, ಗಂಧದ ಮರ ಇತ್ತು ಅಂತ ಹೇಳಿರಬಹುದು. ಗುಡ್ಡ ಇತ್ತು ಅಂತ ಹೇಳಿದ್ದೀರಾ? ನಮ್ಮೂರಲ್ಲಿ ಹೇಳುತ್ತೇವೆ. ಕಾರೆಹಣ್ಣು, ಕವಳೆಹಣ್ಣು, ಸೀತಾಫಲ ಎಲ್ಲ ಅಲ್ಲಿಂದಲೇ ಬರುತ್ತಿತ್ತು. ಕಸಪೊರಕೆಗೆ ಹುಲ್ಲು ಅಲ್ಲಿಂದ, ಹಟ್ಟಿಯವರ ಕುರಿ ಮೇಯುವುದು ಅಲ್ಲಿ, ನಾನು ಹೋಂವರ್ಕ್ ಮಾಡದೆ ಬಚ್ಚಿಟ್ಟುಕೊಳ್ಳುತ್ತಿದ್ದದ್ದೂ ಅಲ್ಲೇ. ಮುಂದೆ ನಾನೇ ಮೇಡಂ ಆಗಿ ಹೋಂವರ್ಕ್ ಕೊಟ್ಟು ಮಕ್ಕಳ ಶಾಪಕ್ಕೆ ಗುರಿಯಾದದ್ದು ಬೇರೆ ವಿಷಯ.

ಗುಡ್ಡದಲ್ಲಿ ಅದಿರು ಇದೆ ಅನ್ನುವುದು ಹೊಸ ಸುದ್ದಿಯೇನಲ್ಲ. ನಮ್ಮ ಅಜ್ಜನ ಕಾಲದಲ್ಲೇ ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಕರಿಕಲ್ಲು ಅಗೆಯುತ್ತಿದ್ದರಂತೆ. ಬುಟ್ಟಿ ಹೊತ್ತ ಹೆಂಗಸರು ಸಾಲಾಗಿ ಇಳಿದು ಬರುತ್ತಿದ್ದರಂತೆ. ಅವರು ತೋಡಿದ ಗುಂಡಿಗಳನ್ನು ನಾನು ಚಿಕ್ಕವಳಾಗಿದ್ದಾಗ ನೋಡಿದ್ದೇನೆ. ಒಂದೊಂದೂ ಒಂದು ಬಾವಿಯಷ್ಟು. ಮಳೆಗಾಲದಲ್ಲಿ ನೀರು ನಿಲ್ಲುತ್ತಿತ್ತು, ಕುರಿಗಳು ಕುಡಿಯುತ್ತಿದ್ದವು. ಮನುಷ್ಯ ಬುಟ್ಟಿಯಲ್ಲಿ ಹೊತ್ತರೆ ಗುಡ್ಡ ತಡೆದುಕೊಳ್ಳುತ್ತದೆ. ಆ ಗುಂಡಿಗಳ ಸುತ್ತ ಮತ್ತೆ ತಂಗಡಿ ಬೆಳೆದು ಹಳದಿ ಹೂ ಬಿಡುತ್ತಿತ್ತು.

ಆಮೇಲೆ ಬಂದದ್ದು ಕಂಪನಿ. ಹೆಸರು ಹೇಳುವುದಿಲ್ಲ. ಹೆಸರು ಹೇಳಿ ಅವರಿಗೆ ಪ್ರಚಾರ ಕೊಡುವ ಕರ್ಮ ನನಗೆ ಬೇಡ. ನಾನು ಆಗ ಟೀಚರ್ ಟ್ರೈನಿಂಗ್ ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ನನ್ನ ಅಕ್ಷರ ದುಂಡಗಿದೆ ಅನ್ನುವುದು ಇಡೀ ಊರಿಗೆ ಗೊತ್ತಿತ್ತು, ನನಗಂತೂ ಊರಿಗಿಂತ ಚೆನ್ನಾಗಿ ಗೊತ್ತಿತ್ತು. ಊರ ಯಜಮಾನರು ನಮ್ಮ ಜಗಲಿ ಮೇಲೆ ಬಂದು ಕೂತು, "ಸರೋಜವ್ವ, ಒಂದು ಕಾಗ್ದ ಬರ್ಕೊಡವ್ವ, ಗಣಿಗೆ ಊರೋರ ಒಪ್ಗೆ ಬೇಕಂತೆ" ಅಂದರು. ನಾನು ಕಾಲ ಮೇಲೆ ಹಲಗೆ ಇಟ್ಟುಕೊಂಡು ಬರೆದೆ. ಗ್ರಾಮದ ಸಮಸ್ತರ ಪರವಾಗಿ, ಸದರಿ ಗುಡ್ಡದಲ್ಲಿ ಗಣಿ ಕೆಲಸ ನಡೆಸಲು ನಮ್ಮದು ಯಾವುದೇ ತಕರಾರು ಇರುವುದಿಲ್ಲ. 'ಸದರಿ' ಅನ್ನುವ ಮಾತನ್ನು ಮೊದಲ ಸಲ ಬಳಸಿದ ಖುಷಿಯಲ್ಲಿ ಅದನ್ನು ಮೂರು ಕಡೆ ಸೇರಿಸಿದೆ. ಊರ ಯಜಮಾನರು ಓದಿಸಿ ಕೇಳಿ ತಲೆದೂಗಿದರು. ನಾನು ಉಬ್ಬಿ ಹೋದೆ.

ನಮ್ಮವ್ವ ಸಿದ್ಧಗಂಗಮ್ಮನಿಗೆ ಓದು ಬಾರದು. ಅವಳ ಹೆಬ್ಬೆಟ್ಟಿಗೆ ಮಸಿ ಹಚ್ಚಿ, ಬೆರಳು ಹಿಡಿದು, ಕಾಗದಕ್ಕೆ ಒತ್ತಿಸಿದವಳು ನಾನೇ. ಒತ್ತಿದ ಮೇಲೆ ಅವಳು ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಾ ಕೇಳಿದಳು.

"ಏನಂತ ಬರ್ದಿದ್ದೀಯೇ?"

"ನಮ್ದೇನೂ ತಕರಾರಿಲ್ಲ ಅಂತ."

"ನಂದು ತಕರಾರೈತೋ ಇಲ್ವೋ ಅಂತ ಯಾರು ಕೇಳಿದ್ರೇ?"

ನಾನು ನಕ್ಕೆ. ಓದಿದವಳಲ್ಲವೇ, ನಗುವ ಹಕ್ಕು ನನಗಿತ್ತು. ಆ ನಗುವನ್ನು ನೆನೆಸಿಕೊಂಡಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಕಂಪನಿಯ ಮೇಲಿನ ಸಿಟ್ಟಿನಲ್ಲಿ ನನ್ನ ಪಾಲು ಎಷ್ಟು ಅನ್ನುವುದು ನನಗೆ ಗೊತ್ತು. ಅದಕ್ಕೇ ಅದು ಇಂಗುವುದಿಲ್ಲ.

ಒಪ್ಪಿಗೆ ಕೊಟ್ಟದ್ದಕ್ಕೆ ಮನೆಗೆ ಇಷ್ಟು ಅಂತ ಸ್ಟೀಲಿನ ಗಂಗಳ ಹಂಚಿದರು. ಗಂಗಳ ಅಂದರೆ ಊಟದ ತಟ್ಟೆ, ಅಂಚು ಎತ್ತರ ಇರುವಂಥದ್ದು. ಅಲ್ಲಿಯವರೆಗೆ ನಮ್ಮಲ್ಲಿ ಹಿತ್ತಾಳೆ, ಅಲ್ಯೂಮಿನಿಯಂ ಇದ್ದವು. ಸ್ಟೀಲು ಅಂದರೆ ಮದುವೆಗೆ ಕೊಡುವ ಪಾತ್ರೆ. ಪಳಪಳ ಹೊಳೆಯುತ್ತಿದ್ದ ಗಂಗಳದ ತಳದಲ್ಲಿ ಕಂಪನಿಯ ಹೆಸರು ಕೊರೆಸಿದ್ದರು. ಹೆಸರು ಕೆಳಗೆ ತಾನೇ ಇರುತ್ತದೆ, ಯಾರು ನೋಡುತ್ತಾರೆ ಅಂದುಕೊಂಡೆವು.

ಮೊದಲು ಒಂದು ಜೆಸಿಬಿ ಬಂತು. ಆಮೇಲೆ ಅದಕ್ಕಿಂತ ದೊಡ್ಡವು ಬಂದವು. ಆಮೇಲೆ ಲಾರಿಗಳು. ಗುಡ್ಡವನ್ನು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿದುಕೊಂಡು ಬಂದರು. ಆಗ ನಾನು ಹಂದನಕೆರೆ ಕಡೆಯ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದೆ. ನಮ್ಮೂರಿನ ಮಕ್ಕಳೂ ಅಲ್ಲಿಗೆ ಬರುತ್ತಿದ್ದರು. ಗುಡ್ಡದ ಚಿತ್ರ ಬರೆಯಿರಿ ಅಂದರೆ ಎಲ್ಲ ಮಕ್ಕಳೂ ಮೆಟ್ಟಿಲಿರುವ ಗುಡ್ಡ ಬರೆದು ಕೆಂಪು ಬಣ್ಣ ಬಳಿಯುತ್ತಿದ್ದರು. ಗುಡ್ಡಕ್ಕೆ ಮೆಟ್ಟಿಲಿರುವುದಿಲ್ಲ, ಬಣ್ಣ ಹಸಿರು ಅಂತ ನಾನು ತಿದ್ದಿದೆ. ಒಬ್ಬ ಹುಡುಗಿ ಎದ್ದು ನಿಂತು, "ಮತ್ತೆ ನಮ್ಮೂರಲ್ಲಿ ಇರೋದು ಏನು ಮಿಸ್?" ಅಂದಳು. ಅವಳಿಗೆ ಪೂರ್ತಿ ಮಾರ್ಕ್ಸ್ ಕೊಟ್ಟು ಕೂರಿಸಿದೆ.

ಸಿಡಿಮದ್ದು ಸಿಡಿಸುತ್ತಿದ್ದದ್ದು ಮಧ್ಯಾಹ್ನ. ಯಾಕೆ ಅಂದರೆ ಊಟದ ಹೊತ್ತಿಗೆ ಕೆಲಸದವರೆಲ್ಲ ಗುಂಡಿಯಿಂದ ಮೇಲೆ ಬಂದಿರುತ್ತಾರೆ, ಯಾರಿಗೂ ಅಪಾಯವಿಲ್ಲ. ಬಹಳ ಒಳ್ಳೆಯ ಏರ್ಪಾಡು. ಆದರೆ ಅವರು ಊಟಕ್ಕೆ ಕೂತ ಹೊತ್ತಿಗೇ ನಾವೂ ಊಟಕ್ಕೆ ಕೂರುತ್ತೇವೆ ಅನ್ನುವುದು ಯಾವ ಇಂಜಿನಿಯರಿಗೂ ಹೊಳೆಯಲಿಲ್ಲ. ಸೈರನ್ ಕೂಗುತ್ತಿತ್ತು. ಅದಾದ ಸ್ವಲ್ಪ ಹೊತ್ತಿಗೆ ನೆಲ ಅದುರುತ್ತಿತ್ತು, ಅಟ್ಟದ ಮೇಲಿನ ಕಾಯಿಗಳು ಒಂದಕ್ಕೊಂದು ತಾಕಿ ಲೊಡಲೊಡ ಅನ್ನುತ್ತಿದ್ದವು, ಹೆಂಚಿನ ಸಂದಿಯಿಂದ ಕೆಂಧೂಳು ಜರಡಿ ಹಿಡಿದ ಹಾಗೆ ಇಳಿಯುತ್ತಿತ್ತು. ಹಾಕಿಟ್ಟ ಗಂಗಳದಲ್ಲಿ ಬೆರಳಿನಿಂದ ಹೆಸರು ಬರೆಯಬಹುದಿತ್ತು.

ಅದಕ್ಕೆ ಅವ್ವ ಕಂಡುಕೊಂಡ ಉಪಾಯವೇ ಬೋರಲು ಹಾಕುವುದು. ಸೈರನ್ ಕೇಳಿದ ತಕ್ಷಣ ಮನೆಯವರೆಲ್ಲ ಗಂಗಳ ಬೋರಲು ಹಾಕಿ ಸುಮ್ಮನೆ ಕೂರಬೇಕು. ಮುದ್ದೆ ತಪ್ಪಲೆಯಲ್ಲೇ ಮುಚ್ಚಿರಬೇಕು. ಢಮ್ ಅನ್ನಬೇಕು, ಧೂಳು ಇಳಿಯಬೇಕು, ಆಮೇಲೆ ಅವ್ವ ಮುದ್ದೆ ಹಿಡಿದು ಬಂದಾಗ ಗಂಗಳ ಮೇಲೆ ತಿರುಗಿಸಬೇಕು. ಇದು ಮನೆಯಿಂದ ಮನೆಗೆ ಹಬ್ಬಿತು. ಊರಿಗೂರೇ ಗಂಗಳ ಬೋರಲು ಹಾಕಿಕೊಂಡು ಸಿಡಿತಕ್ಕೆ ಕಾಯುತ್ತಾ ಕೂರುತ್ತಿತ್ತು. ಬೋರಲು ಹಾಕಿದ ಮೇಲೆ ತಳದ ಬರಹ ಮೇಲೆ ಬರುತ್ತದಲ್ಲ, ದಿನಾ ಮಧ್ಯಾಹ್ನ ನಾವು ಊಟಕ್ಕೆ ಮೊದಲು ಕಂಪನಿಯ ಹೆಸರು ಓದಿಕೊಳ್ಳುತ್ತಿದ್ದೆವು. ಅದರ ಮೇಲೆ ಅವರದೇ ಧೂಳು. ನನ್ನ ಅಣ್ಣ ರುದ್ರಣ್ಣ, "ಉಣ್ಣೋಕ್ ಮೊದ್ಲು ಅನ್ನದಾತರ ಹೆಸ್ರು ಹೇಳ್ಬೇಕು ಕಣಪ್ಪ" ಅಂತ ಮಕ್ಕಳಿಗೆ ತಮಾಷೆ ಮಾಡುತ್ತಿದ್ದ. ಅವ್ವನಿಗೆ ಅದು ತಮಾಷೆ ಅನ್ನಿಸುತ್ತಿರಲಿಲ್ಲ.

ಆದರೆ ಎಷ್ಟು ಮುಚ್ಚಿದರೂ ಧೂಳಿಗೆ ದಾರಿ ಇದ್ದೇ ಇರುತ್ತದೆ. ಅಟ್ಟದಿಂದ ಕಾಯಿ ಇಳಿಸಿದ ಆಳು ಕೆಳಗೆ ಬಂದರೆ ಸಿಂಧೂರ ಬಳಿದ ಹನುಮಪ್ಪನ ಹಾಗೆ ಕಾಣುತ್ತಿದ್ದ. ತಿಪಟೂರಿನ ಮಂಡಿಯಲ್ಲಿ ನಮ್ಮೂರಿನ ಚೀಲ ಬಿಚ್ಚಿದ ವ್ಯಾಪಾರಿ ಒಂದು ಉಂಡೆ ಕೊಬ್ಬರಿಯನ್ನು ಹೆಬ್ಬೆರಳಿನಿಂದ ಉಜ್ಜಿ, ಬೆರಳು ನೋಡಿಕೊಂಡು, ಚೀಲ ಪಕ್ಕಕ್ಕೆ ಸರಿಸುತ್ತಿದ್ದ. ಹಾಗೆ ಸರಿಸಿದವರಲ್ಲಿ ನಮ್ಮ ಯಜಮಾನರೂ ಒಬ್ಬರು. ಮಾವನ ಮನೆಯ ಕೊಬ್ಬರಿ ಅಂತಲೂ ನೋಡಲಿಲ್ಲ. ಆ ವಾರ ನಾನು ಅವರ ಜೊತೆ ಮಾತಾಡಲಿಲ್ಲ, ಅವರು ಅದನ್ನು ಗಮನಿಸಿದ್ದು ವಾರ ಮುಗಿದ ಮೇಲೆ.

ಅವ್ವನ ವಿಷಯಕ್ಕೆ ಬರುತ್ತೇನೆ. ನಮ್ಮದು ಲಿಂಗ ಕಟ್ಟಿದ ಮನೆ. ಹಳೆಯ ನೇಮದವರು ಉಂಡ ಗಂಗಳದಲ್ಲಿ ಒಂದಗುಳೂ ಬಿಡುವುದಿಲ್ಲ. ಉಂಡಾದ ಮೇಲೆ ಗಂಗಳಕ್ಕೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ಅದು ಪ್ರಸಾದ, ನೆಲಕ್ಕೆ ಚೆಲ್ಲಬಾರದು. ಅವ್ವ ಹುಟ್ಟಿದಾಗಿನಿಂದ ಹಾಗೇ ಮಾಡಿದವಳು. ಗಣಿಯ ಕಾಲದಲ್ಲಿ ಅವಳು ಗಂಗಳ ತೊಳೆದರೆ ನೀರು ಕೆಂಪಗಿರುತ್ತಿತ್ತು. ನಾನು ಊರಿಗೆ ಹೋದಾಗಲೆಲ್ಲ ಜಗಳ.

"ಅದು ಮಣ್ಣು ಕಣವ್ವಾ, ಚೆಲ್ಲು."

"ಅನ್ನದ್ ಜತೆ ಬಂದಿದ್ದು ಪ್ರಸಾದ ಕಣೇ. ಚೆಲ್ಲಾಕೆ ಅದೇನು ಕಂಪ್ನಿಯೋರ್ ಅಪ್ಪಂದಾ?"

ಎತ್ತಿ ಗಟಗಟ ಕುಡಿದುಬಿಡುತ್ತಿದ್ದಳು. ಗುಡ್ಡದ ಎಷ್ಟು ಪಾಲು ಲಾರಿಯಲ್ಲಿ ಹೋಯಿತೋ ಗೊತ್ತಿಲ್ಲ, ಒಂದು ಪಾಲು ಅವ್ವನ ಹೊಟ್ಟೆಗೂ ಎದೆಗೂ ಹೋಯಿತು. ಕೆಮ್ಮು ಶುರುವಾಯಿತು. ಕಂಪನಿಯವರೇ ಊರಲ್ಲಿ ಆರೋಗ್ಯ ಶಿಬಿರ ಮಾಡಿದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಸೌದೆ ಒಲೆ ಹೊಗೆ, ಅಜ್ಜಿ. ಗ್ಯಾಸ್ ತಗೊಳ್ಳಿ" ಅಂತ ಬರೆದುಕೊಟ್ಟರು. ಹೋಗುವಾಗ ಒಂದು ಬಾಟಲಿ ಟಾನಿಕ್ಕು, ಒಂದು ಕ್ಯಾಲೆಂಡರು. ಕ್ಯಾಲೆಂಡರಿನಲ್ಲಿ ಹಸಿರು ಗುಡ್ಡದ ಚಿತ್ರ ಇತ್ತು. ಅದನ್ನು ನಾನು ಗೋಡೆಯಿಂದ ಕಿತ್ತು ಒಲೆಗೆ ಹಾಕಿದೆ. ಒಲೆ ಹೊಗೆಯ ಮೇಲೆ ತಪ್ಪು ಹೊರಿಸಿದ್ದಕ್ಕೆ ಅಷ್ಟಾದರೂ ಆಗಲಿ ಅಂತ.

ಅವ್ವ ಹೋದದ್ದು ಲಾರಿಗಳು ಓಡುತ್ತಿದ್ದ ಕಾಲದಲ್ಲೇ. ನಮ್ಮಲ್ಲಿ ಹೋದವರನ್ನು ಕೂರಿಸಿ ಕರೆದೊಯ್ಯುತ್ತೇವೆ, ಹಣೆ ತುಂಬ ವಿಭೂತಿ ಧರಿಸಿ. ಅವ್ವನನ್ನು ಮಣ್ಣು ಮಾಡಬೇಕಿದ್ದ ತೋಟಕ್ಕೆ ಹೋಗುವ ದಾರಿಯೂ ಲಾರಿಯ ದಾರಿಯೂ ಒಂದೇ. ಎದುರಿಗೆ ಅದಿರು ತುಂಬಿದ ಲಾರಿಗಳ ಸಾಲು. ಮುಂದಿನವನು ಹಾರ್ನ್ ಒತ್ತಿದ. ಅವ್ವನನ್ನು ಕೂರಿಸಿದ ಬಿದಿರಿನ ವಿಮಾನವನ್ನು ಬೇಲಿ ಬದಿಗೆ ಇಳಿಸಿ ಲಾರಿಗಳಿಗೆ ನಾವು ದಾರಿ ಬಿಟ್ಟೆವು. ಹೌದು, ಬಿಟ್ಟೆವು. ಹೆಗಲು ಕೊಟ್ಟ ಅಷ್ಟೂ ಜನರಲ್ಲಿ ಒಬ್ಬರೂ ರಸ್ತೆಗೆ ಅಡ್ಡ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ. ಕೊನೆಯ ಲಾರಿ ಹೋದ ಮೇಲೆ ನೋಡಿದರೆ ಅವ್ವನ ಹಣೆಯ ವಿಭೂತಿ ಕೆಂಪಾಗಿತ್ತು. ರುದ್ರಣ್ಣ ತನ್ನ ಪಂಚೆಯ ತುದಿಯಿಂದ ಒರೆಸಿ, ಹೊಸದಾಗಿ ವಿಭೂತಿ ಇಟ್ಟ.

ಆಮೇಲೆ ಒಂದು ದಿನ ಮೇಲಿನಿಂದ ಆದೇಶ ಬಂದು ಲಾರಿಗಳು ನಿಂತವು. ಹೋರಾಟ ಮಾಡಿದವರು ಬೇರೆ ಊರಿನವರು, ನಮ್ಮೂರು ಕೈ ಕಟ್ಟಿಕೊಂಡೇ ಇತ್ತು. ಸೈರನ್ ನಿಂತಿತು. ನಿಂತ ಮೇಲೂ ಮಧ್ಯಾಹ್ನವಾದರೆ ಕೈ ತಾನಾಗಿ ಗಂಗಳ ಬೋರಲು ಹಾಕುತ್ತಿತ್ತು. ಅಣ್ಣನ ಮಗಳ ಮದುವೆ ತಿಪಟೂರಿನ ಛತ್ರದಲ್ಲಿ ಆಯಿತು, ಗಂಡಿನವರು ಮಾಯಸಂದ್ರದ ಕಡೆಯವರು. ಪಂಕ್ತಿಯಲ್ಲಿ ಎಲೆ ಹಾಕಿ ನೀರು ಚಿಮುಕಿಸಿದ್ದೇ ತಡ, ನಮ್ಮೂರಿನವರು ಕೂತ ಸಾಲು ಪೂರಾ ಎಲೆ ಬೋರಲು ಮಾಡಿಕೊಂಡು ಕೂತಿತು. ಯಾರೂ ಯಾರಿಗೂ ಹೇಳಿದ್ದಲ್ಲ. ಗಂಡಿನ ಸೋದರಮಾವ ಅದನ್ನು ನೋಡಿ ಕೆಂಡವಾದರು.

"ಏನ್ರೀ ಇದು? ಮದ್ವೆ ಮನೇಲಿ ಎಲೆ ಬೋರಲಾಕ್ಕಂಡು ಕೂತಿದ್ದೀರಲ್ರೀ, ಯಾರು ಸತ್ತವ್ರೆ ಈಗ?"

ರುದ್ರಣ್ಣ ಎದ್ದು ನಿಂತು ಕೈ ಮುಗಿದ. "ನಮ್ಮವ್ವ" ಅಂದ. ಅಷ್ಟೇ ಅಂದದ್ದು. ಕಾರಣವನ್ನೆಲ್ಲ ನಾನು ಅಡಿಗೆಮನೆಯ ಹಿಂದೆ ಆ ಸೋದರಮಾವನಿಗೆ ಬಿಡಿಸಿ ಹೇಳಬೇಕಾಯಿತು. ಕೇಳಿದ ಮೇಲೆ ಅವರು ಬಡಿಸುವವರನ್ನು ಕರೆದು, ಆ ಸಾಲಿಗೆ ಮೊದಲು ಅನ್ನ ತನ್ನಿ, ಅವರನ್ನು ಕಾಯಿಸಬೇಡಿ ಅಂದರು.

ಇದೆಲ್ಲ ಹಳೆಯ ಮಾತು. ಈಗಿನದ್ದು ಕೇಳಿ. ಕಳೆದ ವರ್ಷ ರುದ್ರಣ್ಣ ಫೋನ್ ಮಾಡಿದ. "ಮೈನ್ಸ್‌ನೋರು ಗಣೀನ ಖಾಯಮ್ಮಾಗಿ ಮುಚ್ತಾವ್ರಂತೆ ಕಣೇ. ಊರೋರು ಒಂದು ಪತ್ರ ಬರ್ಕೊಡ್ಬೇಕಂತೆ, ನಮ್ಮ ಕೈಬರಹದಲ್ಲೇ ಇರ್ಬೇಕಂತೆ. ನಿನ್ನಕ್ಷರ ಚೆನ್ನಾಗೈತೆ, ಬಾ" ಅಂದ. ನನ್ನ ಮೈಯೆಲ್ಲ ಉರಿಯಿತು. ಈ ಊರಿಗೆ ದುಂಡಗೆ ಬರೆಯುವ ಇನ್ನೊಂದು ಕೈ ಇಷ್ಟು ವರ್ಷದಲ್ಲಿ ಹುಟ್ಟಲಿಲ್ಲವೇ ಅಂತ ಕೂಗಾಡಿದೆ. ಆದರೂ ಹೋದೆ.

ಗುಂಡಿಯನ್ನು ನೋಡಿ ಬಹಳ ದಿನವಾಗಿತ್ತು. ಗುಡ್ಡ ಇದ್ದ ಜಾಗದಲ್ಲಿ ಹಸಿರು ಬಣ್ಣದ ನೀರು ನಿಂತಿತ್ತು. ದಡದಲ್ಲಿ ಒಣಗಿದ ಸಸಿಗಳು, ಪ್ರತಿಯೊಂದಕ್ಕೂ ಒಂದು ಕೋಲು ಕಟ್ಟಿದ್ದರು. ಕೋಲುಗಳು ಚೆನ್ನಾಗಿದ್ದವು. ಸುತ್ತ ಕಂಪನಿಯ ತಂತಿ ಬೇಲಿ. ಆ ಬೇಲಿ ಹಾಕಿದಾಗಿನಿಂದ ಗುಡ್ಡದ ಆಚೆಯ ಗೋಮಾಳಕ್ಕೆ ಹೋಗುವ ಹಳೆಯ ದಾರಿ ಬಂದ್ ಆಗಿದೆ. ಹಟ್ಟಿಯ ಕುರಿಗಳು ಅರ್ಧ ದಿನ ಸುತ್ತಿಕೊಂಡು ಹೋಗಬೇಕು. ಪತ್ರಕ್ಕೆ ಸಹಿ ಬಿದ್ದರೆ ಬೇಲಿ ಕಿತ್ತು ದಾರಿ ಬಿಡುತ್ತಾರಂತೆ, ಇಲ್ಲದಿದ್ದರೆ ಇಲ್ಲವಂತೆ. ರುದ್ರಣ್ಣ ನನ್ನನ್ನು ಕರೆಸಿದ್ದರ ಗುಟ್ಟು ಅದು.

ಶಾಲೆಯ ಜಗಲಿಯಲ್ಲಿ ಸಭೆ. ಕಂಪನಿಯ ಪರವಾಗಿ ಬಂದವರು ಸಮಾಧಾನದ ಮನುಷ್ಯ, ಮೇಡಂ ಮೇಡಂ ಅಂತ ನನಗೆ ಕುರ್ಚಿ ಹಾಕಿಸಿದರು. ಅಚ್ಚಾದ ಒಂದು ನಮೂನೆ ಕೊಟ್ಟು, ಇದನ್ನೇ ನಿಮ್ಮ ಕೈಯಲ್ಲಿ ಬರೆದರೆ ಸಾಕು ಅಂದರು. ನಾನು ಗಟ್ಟಿಯಾಗಿ ಓದಿದೆ. "ಗಣಿಗಾರಿಕೆಯ ಧೂಳಿನಿಂದ ಗ್ರಾಮಸ್ಥರ ಆರೋಗ್ಯಕ್ಕೆ ಯಾವುದೇ ತೊಂದರೆ ಉಂಟಾಗಿರುವುದಿಲ್ಲ. ಸದರಿ ಗುಡ್ಡವನ್ನು ಯಥಾಸ್ಥಿತಿಗೆ ತರಲಾಗಿರುತ್ತದೆ." ಸದರಿ! ನನ್ನ ಹಳೆಯ ಮುದ್ದಿನ ಮಾತು.

ಹಟ್ಟಿಯ ಕರಿಯಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಅವ್ವನ ಜೊತೆ ಗುಡ್ಡದಲ್ಲಿ ಹುಲ್ಲು ಕೊಯ್ದವಳು, ಈಗಲೂ ಕುರಿಯ ಹಿಂದೆ ಹೋಗುವವಳು.

"ಯಥಾಸ್ಥಿತಿ ಅಂದ್ರೇನವ್ವಾ ಸರೋಜವ್ವ?"

"ಮೊದ್ಲು ಹೆಂಗಿತ್ತೋ ಹಂಗೇ ಮಾಡಿದ್ದೀವಿ ಅಂತ."

"ಹಂಗಾರೆ ನಂ ಕುರಿ ಎಲ್ಲಿ ಮೇಯ್ತವಂತೆ, ನೀರೊಳಗಾ?"

ಜಗಲಿ ನಕ್ಕಿತು. ನಾನು ನಗಲಿಲ್ಲ. ಪೆನ್ನು ಮುಚ್ಚಿ, ಇದನ್ನು ನಾನು ಬರೆಯುವುದಿಲ್ಲ ಅಂದೆ. ರುದ್ರಣ್ಣ ನನ್ನನ್ನು ಪಕ್ಕಕ್ಕೆ ಕರೆದ.

"ಹೋದೋರು ಹೋದ್ರು ಕಣೇ. ದಾರಿ ಬುಡ್ತಾರೆ, ಬರ್ದಾಕ್ಬುಡು."

"ಅವ್ವಂಗೆ ಏನೂ ಆಗಿಲ್ಲ ಅಂತ ನನ್ ಕೈಲಿ ಬರಿ ಅಂತೀಯಲ್ಲೋ! ಹೆಣ ಇಳಿಸಿ ದಾರಿ ಬಿಟ್ಟೋರು ನಾವು. ಅವರು ದಾರಿ ಬಿಡೋಕೆ ಇನ್ನೂ ಎಷ್ಟು ಸುಳ್ಳು ಬರೀಬೇಕೋ?"

ಅವನಿಗೂ ಸಿಟ್ಟು ಬಂತು. "ನೀನು ತಿಪಟೂರಲ್ಲಿ ಕೂತ್ಕಂಡು ಮಾತಾಡ್ತೀಯ. ಸುತ್ಕಂಡು ಹೋಗೋರು ನಾವು" ಅಂದ. ಅದೂ ಸುಳ್ಳಲ್ಲ. ಜಗಳ ಬೆಳೆಯುವುದನ್ನು ನೋಡಿ ಕಂಪನಿಯವರು, ಮೊದಲು ಊಟ ಆಗಲಿ, ಆಮೇಲೆ ಬರೆದರಾಯಿತು ಅಂದರು. ಅಡಿಗೆಯವರನ್ನು ಕರೆಸಿ ಪಾಯಸದ ಊಟ ಮಾಡಿಸಿದ್ದರು.

ಜಗಲಿಯ ಉದ್ದಕ್ಕೂ ಎಲೆ ಹಾಕಿದರು. ನೀರು ಚಿಮುಕಿಸಿದರು. ಊರಿಗೂರೇ ಎಲೆ ಬೋರಲು ಹಾಕಿತು. ರುದ್ರಣ್ಣನೂ ಹಾಕಿದ. ಸಿಟ್ಟಿನಲ್ಲಿ ಮುಖ ಊದಿಸಿಕೊಂಡೇ ಹಾಕಿದ. ಕಂಪನಿಯವರ ಎಲೆ ಒಂದೇ ಮೇಲ್ಮುಖವಾಗಿತ್ತು. ಅವರು ಆ ಕಡೆ ಈ ಕಡೆ ನೋಡಿ, ಮೆಚ್ಚುಗೆಯ ದನಿಯಲ್ಲೇ, "ಇದು ನಿಮ್ಮೂರಿನ ಸಂಪ್ರದಾಯವಾ?" ಅಂತ ಕೇಳಿದರು.

"ಹೂಂ ಸಾ" ಅಂದಳು ಕರಿಯಮ್ಮ. "ನಿಮ್ ಕಂಪ್ನಿಯೋರೇ ಕಲಿಸ್ಕೊಟ್ಟಿದ್ದು."

ರುದ್ರಣ್ಣ ತನ್ನ ಮುಂದಿನ ಎಲೆಯ ಬೆನ್ನನ್ನು ಬೆರಳಿನಿಂದ ಸವರಿ, ಧೂಳು ಹತ್ತಿದೆಯಾ ಅಂತ ಬೆರಳು ನೋಡಿಕೊಂಡ. ಬಡಿಸುವವರು ಅನ್ನ ಹಿಡಿದುಕೊಂಡು ನಿಂತೇ ಇದ್ದರು.

ಊಟವಾದ ಮೇಲೆ ನಾನು ಬರೆದೆ, ನಮೂನೆ ನೋಡದೆ. ಈ ಊರಿನಲ್ಲಿ ಊಟಕ್ಕೆ ಕೂತವರು ಅನ್ನ ಬರುವ ತನಕ ತಟ್ಟೆ ಬೋರಲು ಹಾಕುತ್ತೇವೆ. ಗಣಿ ನಿಂತು ವರ್ಷಗಳಾದರೂ ಈ ಅಭ್ಯಾಸ ಬಿಟ್ಟಿಲ್ಲ. ಕಾರಣ ಗಣಿಯ ಧೂಳು. ಆ ಧೂಳು ಉಂಡು, ಕುಡಿದು, ನಮ್ಮ ತಾಯಿ ಸಿದ್ಧಗಂಗಮ್ಮ ಕೆಮ್ಮಿ ಕೆಮ್ಮಿ ಸತ್ತಳು. ಗುಡ್ಡ ಇದ್ದಲ್ಲಿ ಗುಂಡಿ ಇದೆ. ನಮ್ಮ ದಾರಿ ನಮಗೆ ಬೇಕು. ನಮ್ಮ ತಕರಾರು ಇದೆ. ಒಂದೇ ಒಂದು ಸದರಿ ಹಾಕಲಿಲ್ಲ.

ಈ ಸಲ ಮೊದಲು ಗಟ್ಟಿಯಾಗಿ ಓದಿದೆ, ಎರಡು ಸಲ. ಆಮೇಲೆ ಇಂಕ್ ಪ್ಯಾಡು ಮುಂದಿಟ್ಟೆ. ಮೊದಲು ಎದ್ದು ಬಂದವಳು ಕರಿಯಮ್ಮ, ಆ ದಾರಿ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದವಳು. "ದಾರಿ ಬುಡಲ್ಲಾಂದ್ರೆ ಬುಡ್ಲಿ ಅತ್ಲಾಗೆ. ಇಷ್ಟ್ ದಿನ ಸುತ್ತಿದ್ದೀನಿ, ಸಾಯೋಗಂಟ ಸುತ್ತೀನಿ" ಅಂತ ಹೆಬ್ಬೆಟ್ಟು ಮುಂದೆ ಮಾಡಿದಳು. ನಾನು ಅವಳ ಬೆರಳು ಹಿಡಿಯಲಿಲ್ಲ. ಅವಳೇ ಒತ್ತಿದಳು. ಅವಳ ಹಿಂದೆ ರುದ್ರಣ್ಣ ಬಂದು, ನನ್ನ ಮುಖ ನೋಡದೆ, ಉದ್ದಕ್ಕೆ ತನ್ನ ಪೂರ್ತಿ ಹೆಸರು ಬರೆದ. ಹಾಳೆ ತುಂಬಿತು. ಕಂಪನಿಯವರು ಇದು ನಮೂನೆಯಲ್ಲಿ ಇಲ್ಲವಲ್ಲ ಮೇಡಂ ಅಂದರು. ಆಗಲಿ, ಗಣಿ ಮುಚ್ಚುವ ವರದಿಗೆ ಅನುಬಂಧ ಅಂತ ಸೇರಿಸುತ್ತೇವೆ ಅಂತ ಕಾಗದ ತೆಗೆದುಕೊಂಡು ಹೋದರು.

ವರದಿಯ ಪ್ರತಿ ಮೊನ್ನೆ ಸರ್ಕಾರಿ ಕಚೇರಿಯಲ್ಲಿ ಕೈಗೆ ಬಂತು. ಅದನ್ನು ತರಲು ಹೋದ ದಿನವೇ ನಾನು ಹೋಟೆಲಿನಲ್ಲಿ ತಟ್ಟೆ ಬೋರಲು ಹಾಕಿದ್ದು, ಪಾಪದ ಸಪ್ಲೈಯರನ ಮೇಲೆ ಕೂಗಾಡಿದ್ದು. ಸಭೆಯ ನಡವಳಿಯಲ್ಲಿ ನಮ್ಮ ಬಗ್ಗೆ ಒಂದೇ ಸಾಲು ಇದೆ. "ಗ್ರಾಮಸ್ಥರು ಊಟದ ವ್ಯವಸ್ಥೆಯ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು." ಧೂಳಿನಿಂದ ತೊಂದರೆ ಆಗಿಲ್ಲ ಅನ್ನುವ ಮಾತು ಅಚ್ಚಿನಲ್ಲಿ ಹಾಗೇ ಇದೆ. ಅದರ ಕೆಳಗೆ, ಗ್ರಾಮಸ್ಥರ ಪತ್ರಕ್ಕೆ ಅನುಬಂಧ ನೋಡಿ ಅಂತ ಇದೆ. ಹಾಳೆ ಮಗುಚಿ ಅನುಬಂಧ ನೋಡಿದೆ. ಖಾಲಿ ಹಾಳೆ. ಮೂಲೆಯಲ್ಲಿ ಪುಟಸಂಖ್ಯೆ, ಅದರ ಮೇಲೆ ಒಂದು ದುಂಡು ಸೀಲು. ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಹೆಬ್ಬೆಟ್ಟುಗಳ ಮಸಿ ಹಿಂಬದಿಗೆ ಇಳಿದ ಮಸುಕು ಚುಕ್ಕೆಗಳು ಮಾತ್ರ ಕಾಣುತ್ತವೆ. ಜೆರಾಕ್ಸ್ ಮಾಡುವಾಗ ನಮ್ಮ ಪತ್ರದ ಬೆನ್ನನ್ನು ಮಾಡಿದ್ದಾರೆ.

ಕಚೇರಿಯ ಗುಮಾಸ್ತರನ್ನು ಕೇಳಿದೆ. "ಎಲ್ಲ ಸರಿಯಾಗೇ ಐತಲ್ಲ ಮೇಡಂ, ಪುಟ ಒಂದೂ ತಪ್ಪಿಲ್ಲ" ಅಂದರು. ಮೂಲ ಪತ್ರ ಎಲ್ಲಿ ಅಂದೆ. ಮೇಲಕ್ಕೆ ಹೋಗಿದೆ ಅಂದರು. ಬೇಲಿ ಇನ್ನೂ ಅಲ್ಲೇ ಇದೆ, ಕರಿಯಮ್ಮ ಇವತ್ತೂ ಸುತ್ತಿಕೊಂಡು ಹೋಗಿದ್ದಾಳೆ ಅಂತ ರುದ್ರಣ್ಣ ಫೋನಿನಲ್ಲಿ ಹೇಳಿದ. ಬೇಕಂತಲೇ ಮಾಡಿದರೋ, ಕಣ್ತಪ್ಪೋ ನನಗೆ ಗೊತ್ತಿಲ್ಲ. ನಾವು ಗಂಗಳ ಬೋರಲು ಹಾಕಿದರೂ ಅನ್ನ ಬಂದಾಗ ಮೇಲೆ ತಿರುಗಿಸುತ್ತಿದ್ದೆವು.

ಯಜಮಾನರು, "ಇನ್ನಾದ್ರೂ ಬುಟ್ಬುಡೇ, ಸಿಟ್ಟಿಗೂ ವಯಸ್ಸು ಅಂತ ಒಂದೈತೆ" ಅನ್ನುತ್ತಿದ್ದಾರೆ. ನಾನು ಅವ್ವನ ಗಂಗಳವನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು, ಅದನ್ನೇ ಹಲಗೆ ಮಾಡಿಕೊಂಡು, ಪತ್ರವನ್ನು ಮತ್ತೆ ಬರೆಯುತ್ತಿದ್ದೇನೆ. ಈ ಭಾನುವಾರ ಹೆಬ್ಬೆಟ್ಟಿಗೆ ಬರುತ್ತೇನೆ ಅಂತ ಕರಿಯಮ್ಮ ಹೇಳಿ ಕಳಿಸಿದ್ದಾಳೆ. ಈ ಸಲ ಹಾಳೆಯ ಎರಡೂ ಬದಿಗೆ ಬರೆಯುತ್ತಿದ್ದೇನೆ.